ಬೆಳಕಿನ ಹೊಲಿಗೆ

ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಸುತ್ತ ಕಾವೇರಿಯ ಕಾಲುವೆ ನೀರು ಹರಿಯುವ ಬಯಲೆಲ್ಲ ಭತ್ತದ ಗದ್ದೆ. ಕೊಯ್ಲಿನ ಕಾಲ ಬಂದಿತೆಂದರೆ ಹೆಂಗಸರು ಗಂಡಸರೆನ್ನದೆ ಎಲ್ಲರೂ ಗದ್ದೆಯಲ್ಲಿಯೇ ಇರುತ್ತಾರೆ. ಭತ್ತದ ಗರಿಯ ಅಂಚು ನೋಡುವುದಕ್ಕೆ ಮೃದುವಾಗಿ ಕಂಡರೂ ಬೆರಳಿನಿಂದ ಹಿಮ್ಮುಖವಾಗಿ ಸವರಿದರೆ ಗರಗಸದಂತೆ ಕೊರೆಯುತ್ತದೆ. ಬಾಗಿ ಕುಯ್ಯುವಾಗ ಅಂತಹ ಒಂದು ಗರಿ ಕಣ್ಣಿಗೆ ತಾಗುವುದು, ಒಕ್ಕಣೆಯಲ್ಲಿ ತೂರುವಾಗ ಹೊಟ್ಟಿನ ಚೂರು ಕಣ್ಣಿಗೆ ಬೀಳುವುದು ಅಪರೂಪದ ಸಂಗತಿಯೇನಲ್ಲ. ಹೆಚ್ಚಿನ ಸಲ ಕಣ್ಣು ಒಂದೆರಡು ದಿನ ಕೆಂಪಾಗಿದ್ದು ತಾನಾಗಿಯೇ ಸರಿಹೋಗುತ್ತದೆ. ಆದರೆ ಆ ಗರಿಯ ಜೊತೆಯಲ್ಲಿ ಬೂಷ್ಟಿನ ಕಣವೊಂದು ಗೀರಿನೊಳಗೆ ಸೇರಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಕಂಡ ಸೊಪ್ಪಿನ ರಸ ಹಿಂಡುವುದರಿಂದಲೂ, ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೆರಾಯ್ಡ್ ಹನಿಗಳನ್ನು ಬಿಡುವುದರಿಂದಲೂ ಆ ಹುಣ್ಣು ಉಲ್ಬಣಿಸುತ್ತದೆ. ಹುಣ್ಣು ಮಾಯ್ದ ಮೇಲೆ ಉಳಿಯುವ ಬಿಳಿಯ ಕಲೆಯನ್ನು ಜನ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ಹೆಸರು ಸುಂದರವಾಗಿದೆ, ಪರಿಣಾಮ ಮಾತ್ರ ಕುರುಡು.

ಹೀಗೆ ಕೆಡುವ ಭಾಗಕ್ಕೆ ಕಾರ್ನಿಯ ಎಂದು ಹೆಸರು. ಕಣ್ಣುಗುಡ್ಡೆಯ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಈ ಪಾರದರ್ಶಕ ಪಟಲದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಇದರಲ್ಲಿ ರಕ್ತನಾಳಗಳಿಲ್ಲ. ಇದರ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ಪ್ರೋಟೀನು. ಕೊಲಾಜೆನ್ನಿನ ಅತಿ ಸಣ್ಣ ಎಳೆಗಳು ಸಮಾನ ಅಂತರದಲ್ಲಿ ಸಾಲಾಗಿ ಮಲಗಿ, ಪದರದ ಮೇಲೆ ಪದರವಾಗಿ, ಇನ್ನೂರಕ್ಕೂ ಹೆಚ್ಚು ಪದರಗಳಲ್ಲಿ ಜೋಡಿಸಿಕೊಂಡಿರುವುದರಿಂದಲೇ ಬೆಳಕು ಚದುರದೆ ಒಳಗೆ ಹೋಗುತ್ತದೆ. ಕಲೆಯಾದ ಕಡೆ ಆ ಸಾಲು ಕೆಟ್ಟಿರುತ್ತದೆ. ಪ್ರೋಟೀನಿನ ಬಲೆಯೊಂದು ತನ್ನ ಕಣ್ಣುಗಳಲ್ಲಿ ನೀರನ್ನು ಹಿಡಿದುಕೊಂಡು ಗಟ್ಟಿಯಾಗಿ ನಿಂತರೆ ಅದನ್ನು ರಸಾಯನಶಾಸ್ತ್ರಜ್ಞರು ಹೈಡ್ರೋಜೆಲ್ ಎನ್ನುತ್ತಾರೆ. ಕಾರ್ನಿಯವು ಪ್ರಕೃತಿಯೇ ಮಾಡಿದ ಒಂದು ಹೈಡ್ರೋಜೆಲ್. ಕೆಟ್ಟುಹೋದ ಹೈಡ್ರೋಜೆಲ್ಲಿನ ಜಾಗದಲ್ಲಿ ಮನುಷ್ಯ ಮಾಡಿದ ಇನ್ನೊಂದನ್ನು ಕೂರಿಸಲು ಸಾಧ್ಯವೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಪ್ರೋಟೀನಿನ ಜೆಲ್ಲುಗಳು ಯಾವ ಮನೆಯ ಅಡುಗೆಮನೆಗೂ ಹೊಸವಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರು ಗಟ್ಟಿಯಾಗಿ ಕೂರುತ್ತದೆ. 100 ಗ್ರಾಂ ಮೊಸರಿನಲ್ಲಿ 85 ಗ್ರಾಮಿಗೂ ಹೆಚ್ಚು ನೀರಿದ್ದರೂ ಪಾತ್ರೆಯನ್ನು ಓರೆ ಮಾಡಿದಾಗ ಅದು ಹರಿಯುವುದಿಲ್ಲ. ಹಾಲಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಕೇಸಿನ್ ಎಂಬ ಪ್ರೋಟೀನಿನ ಕಣಗಳು ಹುಳಿಯ ಪ್ರಭಾವದಿಂದ ಒಂದನ್ನೊಂದು ಹಿಡಿದುಕೊಂಡು ಬಲೆಯಾಗಿ, ನೀರು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಸು ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣಾಗುತ್ತದೆ. ಅಲ್ಲಿ ಬಲೆ ಹೆಣೆಯುವುದು ಶಾಖ. ಬೇಯಿಸಿದ ಮೊಟ್ಟೆಯ ಬಿಳಿಯ ಭಾಗದ ಕಥೆಯೂ ಅದೇ. ಹಾಲುಬಾಯಿಯೂ ಗಿಣ್ಣಿನ ಹಾಗೆಯೇ ನಡುಗುತ್ತದೆ, ಆದರೆ ಅದು ಅಕ್ಕಿಯ ಪಿಷ್ಟದಿಂದಾದುದು. ಈ ಪಂಕ್ತಿಗೆ ಸೇರಿದ್ದಲ್ಲ.

ಆದರೆ ಹುಳಿಯನ್ನಾಗಲಿ ಕುದಿಯುವ ಶಾಖವನ್ನಾಗಲಿ ಕಣ್ಣಿನ ಮೇಲೆ ಪ್ರಯೋಗಿಸುವಂತಿಲ್ಲ. ಜೀವಕೋಶಗಳು ಎರಡನ್ನೂ ತಾಳವು. ಇದಕ್ಕಿಂತ ಸೌಮ್ಯವಾದ ಇನ್ನೊಂದು ಮಾರ್ಗವಿದೆ. ಪ್ರಾಣಿಗಳ ಚರ್ಮ, ಮೂಳೆಗಳಲ್ಲಿನ ಕೊಲಾಜೆನ್ನನ್ನು ಕುದಿಸಿ ತೆಗೆದ ಜೆಲಟಿನ್ ಬಿಸಿನೀರಿನಲ್ಲಿ ಕರಗಿ, ಆರಿದಾಗ ತಾನಾಗಿ ಜೆಲ್ ಆಗುತ್ತದೆ. ಇದು ಶರೀರಕ್ಕೆ ಒಗ್ಗುವ ವಸ್ತುವೂ ಹೌದು. ಆದರೆ ಜೆಲಟಿನ್ನಿನ ಎಳೆಗಳು ಒಂದಕ್ಕೊಂದು ಸುಮ್ಮನೆ ಸುತ್ತಿಕೊಂಡಿರುತ್ತವೆಯೇ ಹೊರತು ಗಂಟು ಬಿದ್ದಿರುವುದಿಲ್ಲ. ಮನುಷ್ಯಶರೀರದ ಶಾಖ 37 ಡಿಗ್ರಿ ಸೆಲ್ಸಿಯಸ್. ಆ ಶಾಖದಲ್ಲಿ ಸುತ್ತು ಬಿಚ್ಚಿಕೊಂಡು ಜೆಲ್ ಮತ್ತೆ ನೀರಾಗುತ್ತದೆ. ಇದಕ್ಕೆ ಬೇಕಾದುದು ಎಳೆಯಿಂದ ಎಳೆಗೆ ಹಾಕಿದ, ಬಿಚ್ಚದ ಗಂಟು. ಅಂತಹ ಗಂಟಿಗೆ ಅಡ್ಡಬಂಧ ಎಂದು ಹೆಸರು. ಅಡ್ಡಬಂಧಗಳು ಕಡಿಮೆಯಾದರೆ ಜೆಲ್ ಮೆತ್ತಗಿರುತ್ತದೆ, ಹೆಚ್ಚಾದರೆ ಬಿರುಸಾಗುತ್ತದೆ, ಇನ್ನೂ ಹೆಚ್ಚಾದರೆ ನೀರಿಗೆ ಜಾಗವಿಲ್ಲದೆ ಪೆಡಸಾಗಿ ಒಡೆಯುತ್ತದೆ.

ಅಡ್ಡಬಂಧ ಹಾಕಬಲ್ಲ ರಾಸಾಯನಿಕಗಳು ಬಹಳ ಇವೆ. ಚರ್ಮ ಹದಮಾಡುವ ಕಸುಬು ಪ್ರಾಚೀನ ಕಾಲದಿಂದ ಮಾಡುತ್ತ ಬಂದಿರುವ ಕೆಲಸವೂ ಇದೇ: ಮರದ ತೊಗಟೆಯ ಒಗರು ಚರ್ಮದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಫಾರ್ಮಾಲಿನ್ನಿನಂತಹ ದ್ರವ್ಯಗಳು ಇನ್ನೂ ಬೇಗ ಬಿಗಿಯುತ್ತವೆ, ಆದರೆ ಅವು ವಿಷ. ಅಲ್ಲದೆ ರಾಸಾಯನಿಕವನ್ನು ಬೆರೆಸಿದ ಗಳಿಗೆಯಿಂದಲೇ ಕ್ರಿಯೆ ಆರಂಭವಾಗುತ್ತದೆ. ವೈದ್ಯನು ಇನ್ನೂ ಕೈ ತೊಳೆಯುತ್ತಿರುವಾಗಲೇ ಬಟ್ಟಲಿನಲ್ಲಿ ಜೆಲ್ ಗಟ್ಟಿಯಾದರೆ ಪ್ರಯೋಜನವೇನು? ಬೆಳಕಿನ ಹಿರಿಮೆ ಇರುವುದು ಇಲ್ಲಿಯೇ. ದ್ರಾವಣ ಕತ್ತಲಲ್ಲಿ ದ್ರಾವಣವಾಗಿಯೇ ಇರುತ್ತದೆ. ಗಾಯದ ಕುಳಿಗೆ ಅದನ್ನು ಸುರಿದು, ಅದು ಮೂಲೆಮೂಲೆಗೂ ಹರಡಿದ ಮೇಲೆ ದೀಪ ಹಾಕಿದರೆ ಆಗ ಹೆಪ್ಪುಗಟ್ಟುತ್ತದೆ. ದೀಪ ಬಿದ್ದ ಕಡೆ ಮಾತ್ರ, ಬಿದ್ದಷ್ಟು ಹೊತ್ತು ಮಾತ್ರ. ದಂತವೈದ್ಯರು ಹಲ್ಲಿನ ಕುಳಿಗೆ ಲೇಪ ತುಂಬಿ ನೀಲಿ ದೀಪ ಹಿಡಿಯುವುದನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು.

ಆದರೆ ಪ್ರೋಟೀನಿನ ಮೇಲೆ ಬರಿಯ ಬೆಳಕು ಬಿದ್ದರೆ ಏನೂ ಆಗುವುದಿಲ್ಲ. ಹಾಗಾಗುವಂತಿದ್ದರೆ ಮನುಷ್ಯ ಬಿಸಿಲಿಗೆ ಹೊರಡುವಂತಿರಲಿಲ್ಲ! ಬೆಳಕನ್ನು ಹಿಡಿದು ಅದರ ಶಕ್ತಿಯನ್ನು ಪ್ರೋಟೀನಿಗೆ ದಾಟಿಸುವ ಒಬ್ಬ ಮಧ್ಯವರ್ತಿ ಬೇಕು. ಆಶ್ಚರ್ಯವೆಂದರೆ ಅಂತಹ ಮಧ್ಯವರ್ತಿಯೊಂದು ಮೊಸರಿನ ಪಾತ್ರೆಯಲ್ಲಿಯೇ ಇದೆ. ಮೊಸರಿನ ಮೇಲೆ ಒಸರುವ ತಿಳಿನೀರನ್ನು ಬಿಳಿಯ ಬಟ್ಟಲಿಗೆ ಬಗ್ಗಿಸಿ ನೋಡಿದರೆ ಅದರಲ್ಲಿ ನಸುಹಸಿರು ಬೆರೆತ ಹಳದಿ ಛಾಯೆ ಕಾಣುತ್ತದೆ. ಆ ಬಣ್ಣ ರೈಬೋಫ್ಲೇವಿನ್ನಿನದು, ಎಂದರೆ ಬಿ2 ಜೀವಸತ್ವದ್ದು. ಹಾಲಿನ ತಿಳಿಯಲ್ಲಿರುವ ಈ ವರ್ಣದ್ರವ್ಯವನ್ನು ಇಂಗ್ಲೆಂಡಿನ ಬ್ಲೈತ್ ಎಂಬಾತನು 1879ರಲ್ಲಿ ಗುರುತಿಸಿದನು. ಅದು ಜೀವಸತ್ವವೆಂಬುದು ತಿಳಿದುಬಂದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಹಾಲನ್ನು ಗಾಜಿನ ಪಾತ್ರೆಯಲ್ಲಿ ಬಿಸಿಲಿಗಿಟ್ಟರೆ ರುಚಿ ಕೆಡುವುದಕ್ಕೂ ಇದೇ ಕಾರಣ: ರೈಬೋಫ್ಲೇವಿನ್ ಬೆಳಕನ್ನು ಹೀರಿ ಉದ್ರೇಕಗೊಂಡು ಸುತ್ತಲಿನ ಅಣುಗಳನ್ನು ಕೆಣಕುತ್ತದೆ. ಹಾಲಿನಲ್ಲಿ ಕಿರುಕುಳವಾಗಿದ್ದ ಈ ಗುಣವೇ ಕಣ್ಣಿನ ವೈದ್ಯದಲ್ಲಿ ಉಪಕಾರಿಯಾಯಿತು.

ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯವಿಜ್ಞಾನಿಗಳಾದ ಸೈಲರ್, ಸ್ಪೋರ್ಲ್, ವೊಲ್ಲೆನ್ಸಾಕ್ ಎಂಬವರು ಕಾರ್ನಿಯವನ್ನು ಬೆಳಕಿನಿಂದ ಬಿಗಿಯುವ ವಿಧಾನವನ್ನು ರೂಪಿಸಿ, ರೋಗಿಗಳ ಮೇಲಿನ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಕೆರಟೋಕೋನಸ್ ಎಂಬ ರೋಗದಲ್ಲಿ ಕಾರ್ನಿಯ ದುರ್ಬಲವಾಗಿ, ತೆಳುವಾಗಿ, ಒಳಗಿನ ಒತ್ತಡಕ್ಕೆ ಶಂಕುವಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಕಂಡದ್ದೆಲ್ಲ ಸೊಟ್ಟವಾಗುತ್ತದೆ, ಕನ್ನಡಕ ಬದಲಿಸಿದಷ್ಟೂ ಸಾಲದಾಗುತ್ತದೆ. ಇದು ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದಲ್ಲಿ, ಎಂದರೆ ಪ್ರೌಢಶಾಲೆಯ ವಯಸ್ಸಿನಲ್ಲಿ. ಕಣ್ಣನ್ನು ಬಲವಾಗಿ ಉಜ್ಜಿಕೊಳ್ಳುವ ಅಭ್ಯಾಸ ಇದನ್ನು ಹೆಚ್ಚಿಸುತ್ತದೆ. ಚಿಕಿತ್ಸೆಯಲ್ಲಿ ಮೊದಲು ಮರಗಟ್ಟಿಸುವ ಹನಿ ಬಿಟ್ಟು, ಕಾರ್ನಿಯದ ಮೇಲಣ ತೆಳುಪೊರೆಯನ್ನು ಸರಿಸುತ್ತಾರೆ. ಬಳಿಕ ನೂರಕ್ಕೆ 0.1ರಷ್ಟು ರೈಬೋಫ್ಲೇವಿನ್ ಇರುವ ಹಳದಿ ದ್ರಾವಣವನ್ನು ಅರ್ಧ ಗಂಟೆ ಹನಿಹನಿಯಾಗಿ ಬಿಡುತ್ತಾರೆ. ಅದು ಪಟಲದೊಳಗೆ ಇಂಗಿದ ಮೇಲೆ 370 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು, ಚದರ ಸೆಂಟಿಮೀಟರಿಗೆ 3 ಮಿಲಿವಾಟ್ ಪ್ರಮಾಣದಲ್ಲಿ, ಮತ್ತೆ ಅರ್ಧ ಗಂಟೆ ಬೀರುತ್ತಾರೆ. 1,800 ಸೆಕೆಂಡುಗಳಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸಲ್ಲುವ ಶಕ್ತಿ 5.4 ಜೂಲ್. ಕೊಲಾಜೆನ್ ಎಳೆಗಳ ನಡುವೆ ಹೊಸ ಅಡ್ಡಬಂಧಗಳು ಬಿದ್ದು ಪಟಲ ಬಿಗಿಯುತ್ತದೆ, ಚಾಚುವುದು ನಿಲ್ಲುತ್ತದೆ. ಹಳದಿ ಬಣ್ಣಕ್ಕೆ ಇನ್ನೊಂದು ಕೆಲಸವೂ ಉಂಟು. ಅತಿನೇರಳೆ ಬೆಳಕಿನ ಬಹುಭಾಗವನ್ನು ಅದೇ ಹೀರಿಕೊಳ್ಳುವುದರಿಂದ ಕಣ್ಣಿನ ಒಳಭಾಗಕ್ಕೆ ಅಪಾಯ ತಟ್ಟುವುದಿಲ್ಲ. ಆದರೆ ಪಟಲ 0.4 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಈ ರಕ್ಷಣೆ ಸಾಲದು. ಆದಕಾರಣ ದಪ್ಪವನ್ನು ಅಳೆಯದೆ ವೈದ್ಯರು ದೀಪ ಮುಟ್ಟುವುದಿಲ್ಲ. ಈಗ ಈ ಚಿಕಿತ್ಸೆ ಕರ್ನಾಟಕದ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಹೊಸ ವಿಧಾನವೊಂದು ಒಂದು ರೋಗಕ್ಕೆ ಫಲಿಸಿದರೆ ಅದನ್ನು ಎಲ್ಲ ರೋಗಕ್ಕೂ ಹಚ್ಚಿ ನೋಡುವ ಆತುರ ಹುಟ್ಟುವುದು ಸಹಜ. ಬೂಷ್ಟಿನ ಹುಣ್ಣಿಗೂ ಇದೇ ಬೆಳಕನ್ನು ದಕ್ಷಿಣ ಭಾರತದಲ್ಲಿ ಪರೀಕ್ಷಿಸಲಾಯಿತು. ಹುಣ್ಣು ಆಳಕ್ಕಿಳಿದಿದ್ದ ಕಣ್ಣುಗಳಲ್ಲಿ ಚಿಕಿತ್ಸೆ ಪಡೆದವುಗಳೇ ಹೆಚ್ಚಾಗಿ ತೂತುಬಿದ್ದುದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಆ ವರದಿ 2015ರಲ್ಲಿ ಪ್ರಕಟವಾಯಿತು. ಸೋತ ಪರೀಕ್ಷೆಯನ್ನೂ ಮುಚ್ಚಿಡದೆ ಪ್ರಕಟಿಸುವುದು ವಿಜ್ಞಾನದ ಒಳ್ಳೆಯ ಪದ್ಧತಿಗಳಲ್ಲಿ ಒಂದು.

ಇದುವರೆಗೆ ಹೇಳಿದ್ದು ಕಣ್ಣಿನಲ್ಲಿ ಮೊದಲೇ ಇದ್ದ ಪ್ರೋಟೀನನ್ನು ಬಿಗಿಯುವ ಮಾತು. ಪಟಲದ ಭಾಗವೇ ಹೋಗಿದ್ದರೆ ಹೊಸ ಪ್ರೋಟೀನನ್ನು ಹೊರಗಿನಿಂದ ತರಬೇಕು. ಹಾಗೆ ತರಬಹುದಾದ ಪ್ರೋಟೀನುಗಳಲ್ಲಿ ಒಂದು ಮೈಸೂರು ಸೀಮೆಗೆ ಬಹಳ ಹತ್ತಿರದ್ದು. ಅದು ರೇಷ್ಮೆ. ಟಿಪ್ಪೂ ಸುಲ್ತಾನನ ಕಾಲದಲ್ಲಿ ಈ ನಾಡಿನಲ್ಲಿ ನೆಲೆಯೂರಿದ ಹುಳುಸಾಕಣೆ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆಯ ಕಾರ್ಖಾನೆ, 1961ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ಇವುಗಳ ಕಥೆ ಬೇರೆಯೇ ಒಂದು ಪಾಠಕ್ಕೆ ಆಗುವಷ್ಟಿದೆ. ಇಲ್ಲಿ ಬೇಕಾದುದು ಗೂಡಿನ ರಚನೆ ಮಾತ್ರ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಗೂಡಿನ ಎಳೆಯಲ್ಲಿ ಎರಡು ವಸ್ತುಗಳಿವೆ: ಒಳಗಿನ ತಿರುಳು ಫೈಬ್ರಾಯಿನ್, ಹೊರಗಿನ ಅಂಟು ಸೆರಿಸಿನ್. ಎಳೆಯ ತೂಕದಲ್ಲಿ ಮುಕ್ಕಾಲು ಪಾಲು ಫೈಬ್ರಾಯಿನ್ನಿನದು. ರೇಷ್ಮೆಯ ದಾರದಿಂದ ಗಾಯ ಹೊಲಿಯುವ ಪದ್ಧತಿ ವೈದ್ಯದಲ್ಲಿ ಹಳೆಯದು. ಆದುದರಿಂದ ಶರೀರ ಈ ಪ್ರೋಟೀನನ್ನು ಸಹಿಸುತ್ತದೆ ಎಂಬುದು ಮೊದಲೇ ತಿಳಿದಿತ್ತು.

ಗಟ್ಟಿಮುಟ್ಟಾದ ಆ ಎಳೆಯನ್ನು ಮತ್ತೆ ನೀರಾಗಿಸುವುದೇ ಮೊದಲ ಕೆಲಸ. ಗೂಡನ್ನು ಕತ್ತರಿಸಿ, ಸತ್ತ ಕೋಶವನ್ನು ತೆಗೆದುಹಾಕಿ, ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಸುಮಾರು ಅರ್ಧ ಗಂಟೆ ಕುದಿಸುತ್ತಾರೆ. ಸಾಮಾನ್ಯವಾಗಿ ಒಗೆಯುವ ಸೋಡ ಎನ್ನುವುದು ಇದನ್ನೇ. ಅಂಟೆಲ್ಲ ಕರಗಿ ಹೋಗಿ ಹತ್ತಿಯಂತೆ ಮೃದುವಾದ ಬಿಳಿಯ ಫೈಬ್ರಾಯಿನ್ ಉಳಿಯುತ್ತದೆ. ಅದನ್ನು ತೊಳೆದು ಒಣಗಿಸಿ, ಲಿಥಿಯಂ ಬ್ರೋಮೈಡ್ ಎಂಬ ಲವಣದ ಅತಿ ಸಾಂದ್ರ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟರೆ ಎಳೆಗಳು ಕರಗಿ ಜೇನಿನ ಬಣ್ಣದ ದ್ರವವಾಗುತ್ತವೆ. ಈ ಲವಣ ಜೀವಕೋಶಗಳಿಗೆ ಹಾನಿಕರ. ಅದನ್ನು ಹೊರಗೆ ಹಾಕಲೇಬೇಕು. ದ್ರವವನ್ನು ಸೂಕ್ಷ್ಮರಂಧ್ರಗಳ ಪೊರೆಯ ಚೀಲದಲ್ಲಿ ತುಂಬಿ, ಶುದ್ಧನೀರಿನ ತೊಟ್ಟಿಯಲ್ಲಿ ತೂಗುಬಿಟ್ಟು, ನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತ ಎರಡು ಮೂರು ದಿನ ಕಾಯುತ್ತಾರೆ. ಸಣ್ಣದಾದ ಲವಣದ ಕಣಗಳು ರಂಧ್ರಗಳಿಂದ ಹೊರಗೆ ಹೋಗುತ್ತವೆ, ದೊಡ್ಡದಾದ ಪ್ರೋಟೀನು ಒಳಗೆ ಉಳಿಯುತ್ತದೆ. ಕೆಟ್ಟ ಮೂತ್ರಪಿಂಡದ ರೋಗಿಗೆ ಡಯಾಲಿಸಿಸ್ ಮಾಡುವಾಗ ನಡೆಯುವುದೂ ಇದೇ ತತ್ತ್ವದ ಕ್ರಿಯೆ. ಈ ಹಂತದಲ್ಲಿ ಅವಸರ ಸಲ್ಲದು. ಇಲ್ಲಿ ಉಳಿದ ಲವಣ ಮುಂದೆ ಕಣ್ಣಿನಲ್ಲಿ ಉರಿಯುತ್ತದೆ.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಫೈಬ್ರಾಯಿನ್ನಿನ ಸರದಲ್ಲಿ ನೂರು ಮಣಿಗಳನ್ನು ಎಣಿಸಿದರೆ ಹೆಚ್ಚಿನವು ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರು ಬಗೆಯ ಸಣ್ಣ ಮಣಿಗಳು. ನಡುನಡುವೆ ಸುಮಾರು ಐದು ಮಣಿಗಳು ಮಾತ್ರ ಟೈರೋಸಿನ್. ಬೆಳಕಿನ ಕೆಲಸ ನಡೆಯುವುದು ಈ ಐದರಲ್ಲಿ. ದ್ರಾವಣಕ್ಕೆ ಚಿಟಿಕೆ ರೈಬೋಫ್ಲೇವಿನ್ ಸೇರಿಸಿ ನೀಲಿ ಬೆಳಕು ಬೀರಿದಾಗ, ಉದ್ರೇಕಗೊಂಡ ರೈಬೋಫ್ಲೇವಿನ್ ತಾನೇ ಆಗಲಿ, ಕರಗಿರುವ ಆಮ್ಲಜನಕದ ಮೂಲಕವಾಗಲಿ, ಟೈರೋಸಿನ್ನಿನಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಜೊತೆ ಕಳೆದುಕೊಂಡ ಆ ಟೈರೋಸಿನ್ ಸುಮ್ಮನಿರಲಾರದೆ, ಪಕ್ಕದ ಸರದಲ್ಲಿ ಅದೇ ಸ್ಥಿತಿಯಲ್ಲಿರುವ ಇನ್ನೊಂದು ಟೈರೋಸಿನ್ನಿನ ಕೈ ಹಿಡಿಯುತ್ತದೆ. ಹೀಗೆ ಎರಡು ಸೇರಿ ಡೈಟೈರೋಸಿನ್ ಎಂಬ ಬಿಚ್ಚದ ಗಂಟಾಗುತ್ತದೆ. ಇಂತಹ ಗಂಟುಗಳು ಸಾವಿರಾರು ಬಿದ್ದಾಗ ನೀರಿನಂತಿದ್ದುದು ನಿಲ್ಲುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸುವ ಮೊದಲ ವಿಧಾನ ಬಹು ಸರಳ: ಗಾಜಿನ ಶೀಶೆಯನ್ನು ತಲೆಕೆಳಗು ಮಾಡುವುದು. ಎರಡನೆಯ ವಿಧಾನ ಹೆಚ್ಚು ಸೊಗಸಾದುದು. ಕತ್ತಲೆಯ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಡೈಟೈರೋಸಿನ್ ತಿಳಿನೀಲಿಯಾಗಿ ಹೊಳೆಯುತ್ತದೆ. ಬೆಳಕು ಹಾಕಿದ ಗಂಟನ್ನು ಬೆಳಕೇ ತೋರಿಸುತ್ತದೆ.

ಈ ಗಂಟು ಮನುಷ್ಯನ ಸೃಷ್ಟಿಯೇನೂ ಅಲ್ಲ. ಮಿಡತೆ, ಕೊಡತಿಹುಳುಗಳ ರೆಕ್ಕೆಯ ಬುಡದಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ರೆಸಿಲಿನ್ ಎಂಬ ಪ್ರೋಟೀನಿದೆ. ಅದನ್ನು ಡೆನ್ಮಾರ್ಕಿನ ವೈಸ್-ಫೋ 1960ರಲ್ಲಿ ವರ್ಣಿಸಿದನು. ಅದರ ಗಂಟುಗಳು ಟೈರೋಸಿನ್ನಿನವೆಂಬುದನ್ನು ಆಂಡರ್ಸನ್ ಎಂಬ ವಿಜ್ಞಾನಿ ಕೆಲವೇ ವರ್ಷಗಳಲ್ಲಿ ತೋರಿಸಿದನು. ಆಸ್ಟ್ರೇಲಿಯದ ಎಲ್ವಿನ್ ಮತ್ತು ಸಂಗಡಿಗರು 2005ರಲ್ಲಿ ಅದೇ ಪ್ರೋಟೀನನ್ನು ಬ್ಯಾಕ್ಟೀರಿಯಗಳಲ್ಲಿ ತಯಾರಿಸಿ, ರುಥೇನಿಯಂ ಲೋಹದ ಸಂಯುಕ್ತವೊಂದನ್ನು ಮಧ್ಯವರ್ತಿಯಾಗಿ ಬಳಸಿ, ಬೆಳಕಿನಿಂದ ಹೆಪ್ಪುಗಟ್ಟಿಸಿದರು. ಅದು ಚಿಟುಕು ಹೊಡೆಯುವಷ್ಟರಲ್ಲಿ ಗಟ್ಟಿಯಾಗುತ್ತದೆ. ರೈಬೋಫ್ಲೇವಿನ್ ಅಷ್ಟು ಚುರುಕಲ್ಲ. ಆದರೆ ಅದು ಆಹಾರದಲ್ಲಿರುವ ವಸ್ತು, ಶರೀರಕ್ಕೆ ಪರಿಚಿತ. ಕಣ್ಣಿನಂತಹ ಅಂಗದಲ್ಲಿ ವೇಗಕ್ಕಿಂತ ಪರಿಚಯಕ್ಕೆ ಬೆಲೆ ಹೆಚ್ಚು.

‘ಶರೀರಕ್ಕೆ ಒಗ್ಗುವುದು’ ಎಂಬ ಮಾತನ್ನು ಸಡಿಲವಾಗಿ ಬಳಸಬಾರದು. ಜೆಲ್ ವಿಷವಲ್ಲ ಎಂದರೆ ಮಾತ್ರ ಸಾಲದು. ಅದರ ಮೇಲೆ ಜೀವಕೋಶಗಳು ಅಂಟಿಕೊಂಡು ಬೆಳೆಯಬೇಕು. ಶರೀರದ ರಕ್ಷಣಾಪಡೆ ಅದನ್ನು ಶತ್ರುವೆಂದು ಮುತ್ತಬಾರದು. ಕಾಲಕ್ರಮದಲ್ಲಿ ಅದು ಸವೆದರೂ ಸವೆದ ಚೂರುಗಳು ಹಾನಿ ಮಾಡಬಾರದು. ಕಣ್ಣಿಗಾದರೆ ಇವೆಲ್ಲದರ ಮೇಲೆ ತಿಳಿಯಾಗಿಯೂ ಇರಬೇಕು. ಮಧ್ಯವರ್ತಿಯ ಪ್ರಮಾಣ ಹೆಚ್ಚಾದರೆ, ಬೆಳಕು ಬಹಳ ಹೊತ್ತು ಬಿದ್ದರೆ, ಪ್ರೋಟೀನಿಗೆ ಗಂಟು ಹಾಕಬೇಕಾದ ಅದೇ ಕ್ರಿಯೆ ಪಕ್ಕದ ಜೀವಕೋಶಗಳನ್ನು ಕೊಲ್ಲುತ್ತದೆ. ಗಂಟು ಬೀಳುವಷ್ಟು, ಕೋಶ ಸಾಯದಷ್ಟು ಎಂಬ ಇಕ್ಕಟ್ಟಾದ ಅಳತೆಯನ್ನು ಕಂಡುಹಿಡಿಯುವುದರಲ್ಲಿಯೇ ಸಂಶೋಧಕರ ಬಹುಕಾಲ ಕಳೆಯುತ್ತದೆ.

ರೇಷ್ಮೆಯನ್ನು ರೈಬೋಫ್ಲೇವಿನ್ ಮತ್ತು ಬೆಳಕಿನಿಂದ ಹೆಪ್ಪುಗಟ್ಟಿಸಿ ಕಣ್ಣಿಗೆ ಬಳಸಬಹುದಾದ ತಿಳಿಯಾದ ಜೆಲ್ಲನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕ್ಯಾಪ್ಲನ್, ಒಮೆನೆಟ್ಟೊ ಮತ್ತು ಸಂಗಡಿಗರು 2016ರಲ್ಲಿ ವರ್ಣಿಸಿದರು. ಗೀರಿದ ಕಾರ್ನಿಯವನ್ನು ಹೊಲಿಗೆಯಿಲ್ಲದೆ ಮುಚ್ಚಬಲ್ಲ, ಜೆಲಟಿನ್ನಿನಿಂದ ಮಾಡಿದ ಅಂಟೊಂದನ್ನು 2019ರಲ್ಲಿ ಅಮೆರಿಕದ ಇನ್ನೊಂದು ತಂಡ ಮೊಲಗಳ ಕಣ್ಣಿನಲ್ಲಿ ಪರೀಕ್ಷಿಸಿತು. ಅದು ಗಟ್ಟಿಯಾಗುವುದು ಕಣ್ಣಿಗೆ ಕಾಣುವ ಬೆಳಕಿನಿಂದಲೇ. ಬೆಂಗಳೂರಿನಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ತುಹಿನ್ ಭೌಮಿಕ್, ಅರುಣ್ ಚಂದ್ರು ಅವರು 2011ರಲ್ಲಿ ಆರಂಭಿಸಿದ ಪ್ಯಾಂಡೋರಂ ಸಂಸ್ಥೆಯು ಗಾಯಕ್ಕೆ ದ್ರವವಾಗಿ ಸುರಿದು ಬೆಳಕಿನಿಂದ ಗಟ್ಟಿಯಾಗಿಸುವ ಜೆಲ್ಲೊಂದನ್ನು ಕಾರ್ನಿಯಕ್ಕಾಗಿ ರೂಪಿಸಿದೆ. ಪ್ರಯೋಗಶಾಲೆಯಿಂದ ಪ್ರಾಣಿಗೆ, ಪ್ರಾಣಿಯಿಂದ ಮನುಷ್ಯನಿಗೆ, ಒಬ್ಬ ಮನುಷ್ಯನಿಂದ ತಾಲ್ಲೂಕು ಆಸ್ಪತ್ರೆಗೆ ಇರುವ ದಾರಿ ಉದ್ದವಾದುದು. ಕೃಷ್ಣರಾಜನಗರದಲ್ಲಿಯೋ ಹೆಗ್ಗಡದೇವನಕೋಟೆಯಲ್ಲಿಯೋ ಕಣ್ಣಿಗೆ ಹೂ ಬಿದ್ದ ರೈತನಿಗೆ ದೃಷ್ಟಿ ಮರಳಬೇಕಾದರೆ ಇಂದಿಗೂ ರೂಢಿಯಲ್ಲಿರುವ ಮಾರ್ಗ ಸತ್ತವರು ದಾನ ಮಾಡಿದ ಕಣ್ಣು.

ದಾನದ ಕಣ್ಣು ಸಂಪೂರ್ಣವಾಗಿ ಅನಾವಶ್ಯಕವಾಗುವ ದಿನವೂ ಹತ್ತಿರವಿಲ್ಲ. ಕಾರ್ನಿಯದ ಹಿಂಬದಿಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ. ಪಟಲದೊಳಗೆ ನುಗ್ಗುವ ನೀರನ್ನು ಅವು ಸದಾ ಹೊರಗೆ ತಳ್ಳುತ್ತಿರುತ್ತವೆ. ಮನುಷ್ಯನಲ್ಲಿ ಒಮ್ಮೆ ಸತ್ತ ಆ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ. ಬರಿಯ ಜೆಲ್ ಮುಂಭಾಗದ ಗೀರನ್ನೋ ಕುಳಿಯನ್ನೋ ತುಂಬಬಲ್ಲದು. ಈ ಪಂಪಿನ ಕೆಲಸವನ್ನು ಮಾಡಲಾರದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಒಂದೊಂದು ಕಾರ್ನಿಯವನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬರುವಂತೆ ಮಾಡಿದರು. ಮುಂಪದರದ ಕೊರತೆಯನ್ನು ಮುಂದೊಂದು ದಿನ ಜೆಲ್ ನೀಗಿಸಿದರೆ, ದಾನವಾಗಿ ಬಂದ ಕಣ್ಣುಗಳನ್ನು ಹಿಂಪದರ ಬೇಕಾದ ರೋಗಿಗಳಿಗೆ ಮೀಸಲಿಡಬಹುದು.

ಇಷ್ಟಕ್ಕೆಲ್ಲ ಬೇಕಾಗುವ ರೇಷ್ಮೆ ಎಷ್ಟು? ಒಂದು ಕಣ್ಣಿನ ಗಾಯಕ್ಕೆ ಬೇಕಾದ ದ್ರಾವಣ ಕೆಲವು ಹನಿಗಳು ಮಾತ್ರ, ಅದರಲ್ಲಿಯೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಒಂದು ಗೂಡಿನ ಫೈಬ್ರಾಯಿನ್ ಹಲವು ಕಣ್ಣುಗಳಿಗೆ ಸಾಕಾಗುತ್ತದೆ. ಅದು ಒಳ್ಳೆಯ ಗೂಡೇ ಆಗಿರಬೇಕೆಂಬ ನಿಯಮವೂ ಇಲ್ಲ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಇವುಗಳಿಂದ ನೂಲು ಬಿಚ್ಚುವುದು ಕಷ್ಟವಾದುದರಿಂದ ಮಾರುಕಟ್ಟೆಯಲ್ಲಿ ಅವುಗಳಿಗೆ ಬೆಲೆ ಕಡಿಮೆ. ಕರಗಿಸುವವನಿಗೆ ಎಳೆ ತುಂಡಾಗಿದ್ದರೂ ಒಂದೇ, ಇಡಿಯಾಗಿದ್ದರೂ ಒಂದೇ. ಅವನು ಗೂಡಿನಲ್ಲಿ ನೋಡುವುದು ಅದು ಶುಚಿಯಾಗಿದೆಯೇ, ರೋಗವಿಲ್ಲದ ಹುಳು ಕಟ್ಟಿದ್ದೇ ಎಂಬುದನ್ನು ಮಾತ್ರ.